ಪದ ಬೇಕಿದೆ: ಕೂಲಂಟ್, ರೇಡಿಯೇಟರ್, ಥರ್ಮೋಸ್ಟ್ಯಾಟ್ (ನಾಳೆ ಅಚ್ಚಿಗೆ)

ಹಾಸನದ ಒಂದು ಗ್ಯಾರೇಜಿನ ಗೋಡೆಗೆ ಸೂಚನಾಪಟ್ಟಿ ಬರೆಯುತ್ತಿದ್ದೇನೆ. ಹಳೇ ಟಾಟಾ 207 ಪಿಕಪ್‌ನಲ್ಲಿ ಶುಂಠಿ, ಆಲೂಗಡ್ಡೆ ಹೊಡೆಯುವವರು ಓದಬೇಕಾದದ್ದು. ಬಿಸಿಯಿದ್ದಾಗ ರೇಡಿಯೇಟರ್ (ಇಂಜಿನ್ನಿನ ಬಿಸಿನೀರು ತಣಿಸುವ ಜಾಲರಿ) ಮುಚ್ಚಳ ತೆಗೆಯಬೇಡಿ. ಬೋರ್‌ವೆಲ್ ನೀರು ಬೇಡ, ಕೂಲಂಟ್ (ಇಂಜಿನ್ ತಣಿಸುವ ದ್ರವ) ಹಾಕಿ. ಥರ್ಮೋಸ್ಟ್ಯಾಟ್ (ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಕವಾಟ) ಕಿತ್ತು ಓಡಿಸಬೇಡಿ. ವಿಕಿರಕ, ಶೀತಕ, ತಾಪನಿಯಂತ್ರಕ ಎಂದು ಓದಿದೆ, ಮೆಕ್ಯಾನಿಕ್ ನಕ್ಕ. ಬೇರೆ ಪದ?
– ಗೌ., ಹಾಸನ

ನಗದೆ ಇನ್ನೇನು? ರೇಡಿಯೇಟರ್‌ನಿಂದ ಬಿಸಿ ಹೋಗುವುದು ಬಹುಪಾಲು ರೆಕ್ಕೆಗಳ ನಡುವೆ ನುಗ್ಗುವ ಗಾಳಿಗೆ. ಅದು ಸಂವಹನ, ವಿಕಿರಣದ ಪಾಲು ಅತ್ಯಲ್ಪ. ರೇಡಿಯೇಟರ್ ಎಂದು ಹೆಸರಿಟ್ಟ ಇಂಗ್ಲಿಷಿನವರ ತಪ್ಪನ್ನು ಸಂಸ್ಕೃತದಲ್ಲಿ ಇನ್ನೊಮ್ಮೆ ಮಾಡಬೇಕೆ?
– ಕೆ., ಧಾರವಾಡ

ಸಂಸ್ಕೃತದ ಗೊಡವೆಯೇ ಬೇಡ. ತಣ್ಣೀರು, ತಂಗಾಳಿ, ತಂಗಳು ಎಲ್ಲಕ್ಕೂ ಬೇರು 'ತಣ್'. ತಣಿಸುವುದು ತಣಿಕ. ಮುಗಿಯಿತು.
– ಸ., ಶಿವಮೊಗ್ಗ

ಕುಡುಕ, ತಿರುಕ, ಈಗ ತಣಿಕ. ಇಂಜಿನ್ ಮೊದಲೇ ನೀರು ಕುಡಿಯುತ್ತಿದೆ, ಅದಕ್ಕೊಬ್ಬ ಜೊತೆಗಾರ!
– ಕೆ.

ಗಾಡಿ ಇಟ್ಟವನಾಗಿ ಎರಡು ಮಾತು. ಕೂಲಂಟ್ ಬರೀ ತಂಪಿಗಲ್ಲ. ಬಿಸಿ ಹೀರುವುದರಲ್ಲಿ ಬರೀ ನೀರೇ ಮುಂದು. ಕೂಲಂಟಿನಲ್ಲಿರುವ ಗ್ಲೈಕಾಲ್ ಬೆರೆತರೆ ಕುದಿಯುವ ಬಿಂದು ಮೇಲೇರುತ್ತದೆ, ಅದರಲ್ಲಿರುವ ಮದ್ದು ತುಕ್ಕು ತಡೆಯುತ್ತದೆ. ನಮ್ಮ ಗಡಸು ನೀರು ತುಂಬಿದರೆ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ಆಮೇಲೆ ಎರಡು ಸಾಲು ಕೊಳವೆಯ ಕೋರ್ (ರೇಡಿಯೇಟರಿನ ಒಳಭಾಗ) ತೆಗೆದು ಮೂರು ಸಾಲಿನದು ಹಾಕಿಸಿದರೂ ಅದೂ ಕಟ್ಟಿಕೊಳ್ಳುತ್ತದೆ. ಇನ್ನು ಥರ್ಮೋಸ್ಟ್ಯಾಟ್: ಒಳಗಿನ ಮೇಣ ಸುಮಾರು 80 ಡಿಗ್ರಿಗೆ ಕರಗಿ ಹಿಗ್ಗಿ ಬಾಯಿ ತೆರೆಸುತ್ತದೆ. ಘಾಟಿಯಲ್ಲಿ ಹೀಟ್ ಆಯಿತೆಂದು ಕಿತ್ತೆಸೆದರೆ ಇಂಜಿನ್ ಹದಕ್ಕೆ ಬರುವುದೇ ಇಲ್ಲ, ಡೀಸೆಲ್ ತಿನ್ನುತ್ತದೆ. ಗ್ಯಾರೇಜಿನಲ್ಲಿ ಇದನ್ನು 'ವಾಲು' (ಇಂಗ್ಲಿಷಿನ ವಾಲ್ವ್) ಅಂತಾರೆ, ವಾಟರ್ ಪಂಪಿಗೆ 'ವಾಟರ್ ಬಾಡಿ'. ಹಾಗೇ ಬರೆಯಿರಿ. ಮುಚ್ಚಳದ ವಾಕ್ಯ ದಪ್ಪಕ್ಷರದಲ್ಲಿರಲಿ: ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ, ತೆರೆದ ಕೂಡಲೇ ಉಕ್ಕಿ ಮುಖಕ್ಕೇ.
– ಮ., ಸಕಲೇಶಪುರ

ಗ್ಯಾರೇಜಿನವರು ಹೇಳಿದ್ದೆಲ್ಲ ಕನ್ನಡವಾದರೆ ಪದ ಹುಡುಕುವ ಈ ಬಳಗ ಏಕೆ ಬೇಕು? 'ನೀರ' ಎಂದು ಸಂಸ್ಕೃತವೇ ನಮ್ಮಿಂದ ಕಡ ತೆಗೆದುಕೊಂಡಿದೆ. ಕೊಟ್ಟವರು ನಾವು, ಈಗ ಬೇಡುತ್ತಿರುವವರೂ ನಾವೇ.
– ಸ.

ಕೊಟ್ಟವರು ತಗೊಂಡರೆ ಅವಮಾನವೇ? ಚಾವಿ ಪೋರ್ಚುಗೀಸಿನದು, ಕುರ್ಚಿ ಅರಬ್ಬಿಯದು. ತಾವು ನಿಂತುಕೊಂಡೇ ಬರೆಯುತ್ತೀರೋ?
– ಕೆ.

ಅಸಂಬದ್ಧ. ಅವು ಕನ್ನಡದ ಬಾಯಿಗೆ ಒಗ್ಗಿವೆ. 'ಥರ್ಮೋಸ್ಟ್ಯಾಟ್' ಒಗ್ಗಿದೆಯೆ? ಐದು ಸಲ ಬೇಗ ಬೇಗ ಹೇಳಿ.
– ಸ.

ಒಗ್ಗಿಸಿಕೊಂಡೇ 'ವಾಲು' ಆಗಿದ್ದು, ಸ್ವಾಮಿ. ಮೇಲೆ ಓದಿ.
– ಮ.

ಎಲ್ಲರಿಗೂ ವಂದನೆ. ರೇಡಿಯೇಟರ್, ಕೂಲಂಟ್, ವಾಲು ಎಂದೇ ಕಳಿಸಿದೆ. ಅಚ್ಚಿನವರು ಸಂಜೆವರೆಗೆ ಕಾಯುತ್ತಾರಂತೆ, ಒಂದೇ ಬಾಕಿ: ಫ್ಯಾನಿನ ಸುತ್ತ ಗಾಳಿ ಚದುರದಂತೆ ಇರುವ ಶ್ರೌಡ್‌ಗೆ ಏನೆನ್ನಲಿ? ಸೀಳಿದ್ದರೆ ಬದಲಿಸಿ ಎಂದು ಬರೆಯಬೇಕು.
– ಗೌ.

ಫ್ಯಾನ್ ಗೂಡು.
– ಮ.

ಗೂಡು ಒಪ್ಪಿದೆ. ಫ್ಯಾನ್ ಒಪ್ಪಿಲ್ಲ.
– ಸ.