ಇಎಸ್‌ಆರ್ ಪ್ರಶ್ನೋತ್ತರ: ಝಿಂಕ್ ಫೆರೈಟ್ ಲೈನ್ ಯಾಕೆ ಸರಿಯಿತು?

ಬೆಳಗಾವಿಯ ಭೌತಶಾಸ್ತ್ರ ಗ್ರೂಪ್. ಉತ್ತರಿಸುವವರು ಆಕ್ಸೈಡ್‌ಗಳ ಸ್ಪಿನ್ ಅಧ್ಯಯನ ಮಾಡುವ ಮೇಡಂ.

ಬೆಳಗಾವಿ ಸದಸ್ಯ: ಮೇಡಂ, ಇಎಸ್‌ಆರ್ ಅಂದ್ರೆ ಏನ್ರಿ?

ಮೇಡಂ: ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್. ಸ್ಪಿನ್ ಅಂದರೆ ಎಲೆಕ್ಟ್ರಾನ್ ಪುಟ್ಟ ಮ್ಯಾಗ್ನೆಟ್‌ನಂತೆ ವರ್ತಿಸುವ ಗುಣ. ಜೋಡಿ ಇಲ್ಲದ ಎಲೆಕ್ಟ್ರಾನ್‌ನ ಸ್ಪಿನ್ ಕಾಂತಕ್ಷೇತ್ರದಲ್ಲಿ ಮೈಕ್ರೋವೇವ್ ಹೀರುತ್ತದೆ, ಅದನ್ನು ಅಳೆಯುವುದು. ಹೀರಿದ್ದು ಗ್ರಾಫ್‌ನಲ್ಲಿ ಕಾಣುವ ಗುರುತೇ ಲೈನ್. 9.5 ಗಿಗಾಹರ್ಟ್ಜ್‌ನಲ್ಲಿ ಜಿ ಮೌಲ್ಯ (ಸ್ಪಿನ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎನ್ನುವ ಸಂಖ್ಯೆ) 2 ಇದ್ದರೆ ಲೈನ್ ಸುಮಾರು 3400 ಗಾಸ್‌ಗೆ ಬರುತ್ತದೆ.

ವಿಜಯಪುರ ಸದಸ್ಯ: ನಮ್ಮ ಅವ್ವನ ಇಎಸ್‌ಆರ್ 45 ಬಂದಿದೆ. ಮಂಡಿನೋವೂ ಇದೆ.

ಮೇಡಂ: ಅದು ಕೆಂಪು ರಕ್ತಕಣಗಳು ಎಷ್ಟು ಬೇಗ ತಳಕ್ಕೆ ಇಳಿಯುತ್ತವೆ ಎಂದು ನೋಡುವ ರಕ್ತದ ಟೆಸ್ಟ್, ಹೆಸರಷ್ಟೇ ಒಂದೇ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಡಾಕ್ಟರ್‌ಗೆ ತೋರಿಸಿ.

ಬಾಗಲಕೋಟೆ ವಿದ್ಯಾರ್ಥಿನಿ: ಯೂರಿಯಾ ಹಾಕಿ ಉರಿಸುವ ಕಂಬಷನ್ ವಿಧಾನದಲ್ಲಿ ಝಿಂಕ್ ಫೆರೈಟ್ (ಸತು-ಕಬ್ಬಿಣದ ಆಕ್ಸೈಡ್) ಪುಡಿ ಮಾಡಿದೆವು ಮೇಡಂ. 77 ಕೆಲ್ವಿನ್‌ವರೆಗೆ ತಣಿಸಿದರೆ ಲೈನ್ ಅಗಲವಾಗಿ ಕಡಿಮೆ ಫೀಲ್ಡ್ ಕಡೆ ಸರಿಯುತ್ತದೆ. ಟ್ರಾನ್ಸಿಷನ್, ಅಂದರೆ ಕಾಂತಸ್ಥಿತಿಯೇ ಬದಲಾಯಿತು ಅಂತ ಬರೀಲಾ?

ಮೇಡಂ: ಬೇಡ ತಂಗಿ. ಪುಡಿಗೆ ಮ್ಯಾಗ್ನೆಟ್ ಹಿಡಿದು ನೋಡಿದ್ದೀಯಾ?

ವಿದ್ಯಾರ್ಥಿನಿ: ಬಾಟಲಿ ಗೋಡೆಗೆ ಪಟ್ಟಂತ ಹತ್ತಿಕೊಳ್ಳುತ್ತದೆ.

ಮೇಡಂ: ಅಲ್ಲೇ ಇದೆ ವಿಷಯ. ಸರಿಯಾದ ಝಿಂಕ್ ಫೆರೈಟ್ ಹಾಗೆ ಹತ್ತುವುದಿಲ್ಲ. ಅದರ ಹರಳಿನಲ್ಲಿ ಲೋಹಗಳಿಗೆ ಎ, ಬಿ ಎಂಬ ಎರಡು ಬಗೆಯ ಜಾಗಗಳಿವೆ; ಸತು ಎ ಜಾಗದಲ್ಲಿ, ಕಬ್ಬಿಣವೆಲ್ಲ ಬಿ ಜಾಗದಲ್ಲಿ ಇರುತ್ತದೆ. ಸ್ಪಿನ್‌ಗಳು ಸಾಲುಗೂಡುವುದು ಸುಮಾರು 10 ಕೆಲ್ವಿನ್‌ಗೆ. ನ್ಯಾನೋ ಪುಡಿಯಲ್ಲಿ ಒಂದಿಷ್ಟು ಕಬ್ಬಿಣ ಎ ಜಾಗಕ್ಕೆ ಹೋಗಿಬಿಡುತ್ತದೆ. ಎ, ಬಿ ಜಾಗಗಳ ಕಬ್ಬಿಣದ ಸ್ಪಿನ್‌ಗಳ ನಡುವಿನ ಹಿಡಿತ ಜೋರು, ಹಾಗಾಗಿ ಕೋಣೆಯ ಉಷ್ಣತೆಯಲ್ಲೇ ಕಾಂತಗುಣ ಬರುತ್ತದೆ. ಕಣಗಳು ಚಿಕ್ಕವಾದ್ದರಿಂದ ಶಾಖ ಅವುಗಳ ದಿಕ್ಕನ್ನು ಅಲುಗಾಡಿಸುತ್ತಿರುತ್ತದೆ. ತಣಿಸಿದಾಗ ಆ ಅಲುಗಾಟ ಕಡಿಮೆಯಾಗಿ ಕಣದ ಒಳಗಿನ ಕ್ಷೇತ್ರ ಎದ್ದು ಕಾಣುತ್ತದೆ. ಲೈನ್ ಅಗಲವಾಗುವುದು, ಸರಿಯುವುದು ಅದರಿಂದಲೂ ಆಗುತ್ತದೆ. ಬರೀ ಇದನ್ನು ನೋಡಿ ಟ್ರಾನ್ಸಿಷನ್ ಅನ್ನಬಾರದು. ಸ್ಯಾಂಪಲ್ ಕೆಲವೇ ಮಿಲಿಗ್ರಾಂ ಹಾಕು, ಖಾಲಿ ಟ್ಯೂಬ್‌ನ ಸಿಗ್ನಲ್ ಮೊದಲು ಅಳೆದಿಟ್ಟುಕೋ. ಝಡ್‌ಎಫ್‌ಸಿ-ಎಫ್‌ಸಿ (ಒಮ್ಮೆ ಕಾಂತಕ್ಷೇತ್ರ ಇಲ್ಲದೆ, ಒಮ್ಮೆ ಇಟ್ಟು ತಣಿಸಿ ಕಾಂತಗುಣ ಅಳೆಯುವುದು) ಮಾಡಿಸದೆ ಪೇಪರ್ ಕಳಿಸಬೇಡ.

ವಿಜಯಪುರ ಸದಸ್ಯ: ಮ್ಯಾಗ್ನೆಟ್ ಪಟ್ಟಿ ಕಟ್ಟಿದರೆ ರಕ್ತದ ಕಬ್ಬಿಣ ಎಳೆದು ಇಎಸ್‌ಆರ್ ಇಳಿಸುತ್ತಂತೆ. ಫಾರ್ವರ್ಡ್ ಬಂದಿದೆ.

ಮೇಡಂ: ಸುಳ್ಳು. ಆಕ್ಸಿಜನ್ ಹಿಡಿದ ಹಿಮೋಗ್ಲೋಬಿನ್ ಮ್ಯಾಗ್ನೆಟ್‌ಗೆ ಅಂಟುವುದೇ ಇಲ್ಲ. ಪೇಸ್‌ಮೇಕರ್ ಇದ್ದವರು ಜೋರಾದ ಮ್ಯಾಗ್ನೆಟ್ ಹತ್ತಿರವೂ ಇಟ್ಟುಕೊಳ್ಳಬಾರದು. ಇಂಥದ್ದು ಇಲ್ಲಿ ಹಾಕಬೇಡಿ.

ಗೋಕಾಕ ಸದಸ್ಯ: ನಮ್ಮ ಕಾಕಾಗೆ ಗುಣ ಆಯ್ತಲ್ರಿ!

ಬೆಳಗಾವಿ ಸದಸ್ಯ: ನಿಮ್ಮ ಕಾಕಾ ಗುಳಿಗೆ ಬಿಟ್ಟಿದ್ದರೇನು?

ಗೋಕಾಕ ಸದಸ್ಯ: ನೀವೇನು ಡಾಕ್ಟರಾ?

ಜಮಖಂಡಿ ಸದಸ್ಯ: ಮ್ಯಾಂಗನೀಸ್ 2+ ಗೆ ಆರು ಲೈನ್ ಯಾಕೆ ಮೇಡಂ?

ಗೋಕಾಕ ಸದಸ್ಯ: ಅನುಭವಕ್ಕೆ ಬೆಲೆ ಇಲ್ವಾ?

ಇನ್ನೊಬ್ಬರು: ಇಎಸ್‌ಆರ್ ಜಾಸ್ತಿ ಇದ್ರೆ ಏನು ತಿನ್ನಬೇಕು?

ಮೇಡಂ: ಮೇಲೆ ಓದಿ.

ವಿದ್ಯಾರ್ಥಿನಿ: ಮೇಡಂ, ಪುಡಿ ಕಾಯಿಸಿ ಸರಿ ಮಾಡೋಣ ಅಂದ್ರೆ ನಮ್ಮ ಫರ್ನೇಸ್ 900 ಡಿಗ್ರಿಗೆ ಮಾತ್ರ ಹೋಗುತ್ತದೆ.

ಮೇಡಂ: ಸಾಕು. ಕಾಯಿಸಿ ನಿಧಾನವಾಗಿ ತಣಿಸು. ಕಬ್ಬಿಣ ಬಿ ಜಾಗಕ್ಕೆ ಮರಳಿದರೆ ಪುಡಿ ಅಷ್ಟು ಅಂಟುವುದಿಲ್ಲ, ಲೈನೂ ಕಿರಿದಾಗುತ್ತದೆ. ಕಾಯಿಸುವ ಮೊದಲಿನ, ನಂತರದ ಎರಡೂ ಸ್ಪೆಕ್ಟ್ರಮ್ ಒಂದೇ ಮೈಕ್ರೋವೇವ್ ಪವರ್‌ನಲ್ಲಿ ತೆಗೆದು ನನಗೆ ಕಳಿಸು.