ಅಪ್‌ಡೇಟ್: ಮಂತ್ರದ ನಾಡು, ಪಕ್ಕದ ಬಯಲು ನಾಡು

ಹೋದ ತಿಂಗಳು ಒಂದು ಪ್ರಶ್ನೆ ಕೇಳಿದ್ದೆ. ನನ್ನ ಫ್ಯಾಂಟಸಿ ಕಾದಂಬರಿಯಲ್ಲಿ ಒಂದು ದೇಶದವರಿಗೆ ಮಂತ್ರ ಗೊತ್ತು, ಪಕ್ಕದ ದೇಶದವರಿಗೆ ಗೊತ್ತಿಲ್ಲ. ಹಾಗಿದ್ದರೆ ಮೊದಲನೆಯವರು ಎರಡನೆಯವರನ್ನು ಯಾಕೆ ನುಂಗಿಹಾಕಿಲ್ಲ? "ಗಡಿ ಅಲ್ಲೇ ಯಾಕಿದೆ ಅಂತ ಮೊದಲು ಯೋಚಿಸಿ" ಅಂತ ಒಬ್ಬರು ಹೇಳಿದ್ದರು. ಆ ಮಾತೇ ದಾರಿ ತೋರಿಸಿತು.

ಉತ್ತರ ನಮ್ಮೂರ ದಾರಿಯಲ್ಲೇ ಇತ್ತು. ಮೂಡಿಗೆರೆಯಿಂದ ಚಿಕ್ಕಮಗಳೂರು ದಾಟಿ ಕಡೂರಿಗೆ ಬಸ್ಸಲ್ಲಿ ಹೋಗುತ್ತಿದ್ದೆ. ಮೂಡಿಗೆರೆಯಲ್ಲಿ ಜಡಿಮಳೆ, ಕಡೂರಲ್ಲಿ ಧೂಳು. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡ ಘಟ್ಟ ಹತ್ತುವಾಗಲೇ ಸುರಿದುಬಿಡುತ್ತದೆ. ಬಯಲಿಗೆ ಉಳಿಯುವುದು ಸ್ವಲ್ಪವೇ. ನನ್ನ ಮಂತ್ರವೂ ಈಗ ಹಾಗೇ. ಅದು ಜನರ ರಕ್ತದಲ್ಲಿಲ್ಲ, ಗಾಳಿಯಲ್ಲಿದೆ. ಬೆಟ್ಟದ ಸಾಲು ಅದನ್ನು ತಡೆಯುತ್ತದೆ. ಮಂತ್ರವಾದಿಗಳ ಸೈನ್ಯ ಬೆಟ್ಟ ಇಳಿದರೆ ಮೂರೇ ದಿನಕ್ಕೆ ಬರಿಗೈ.

ಬಯಲಿನವರು ಸುಮ್ನೆ ಕೂರಬೇಕಾ? ಇಲ್ಲಿ ಅಯ್ಯನಕೆರೆ ನೆನಪಾಯಿತು. ಸಖರಾಯಪಟ್ಟಣದ ಹತ್ತಿರ, ಬೆಟ್ಟದ ನೀರನ್ನು ಹಿಡಿದಿಟ್ಟು ಬಯಲಿನ ಹೊಲಗಳಿಗೆ ಕೊಡುವ ದೊಡ್ಡ ಕೆರೆ ಅದು. ನನ್ನ ಬಯಲಿನವರೂ ಮಂತ್ರ ಹಿಡಿದಿಡುವ ಕೆರೆ ಕಟ್ಟಿದ್ದಾರೆ. ತೂಬು ತೆರೆಯುವ ಹಕ್ಕು ಯಾರದು ಅನ್ನುವುದೇ ಈಗ ಕಥೆಯ ಜಗಳ. ಯುದ್ಧಕ್ಕಿಂತ ಇದು ನನಗೆ ಜಾಸ್ತಿ ಇಷ್ಟವಾಯಿತು.

ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ಗುಟ್ಟಾಗಿ ತಂದರು ಅಂತ ನಮ್ಮಲ್ಲಿ ಕಥೆ ಇದೆ ಅಲ್ವಾ? ನನ್ನ ನಾಯಕಿ ಗಡಿ ದಾಟಿಸುವುದೂ ಬೀಜಗಳನ್ನೇ. ಬಯಲಲ್ಲೂ ಮಂತ್ರ ಹಿಡಿಯುವ ಗಿಡದ ಬೀಜ. ಎಷ್ಟು ಬೀಜ ಅಂತ ಇನ್ನೂ ತೀರ್ಮಾನಿಸಿಲ್ಲ.

ಐದು ಅಧ್ಯಾಯ ಬರೆದಾಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.