ಬ್ಯಾಕ್ಟೀರಿಯಾ ‘ಟೈಪಿಂಗ್’ಗೆ ಏನನ್ನೋಣ? (ಬೆರಳಚ್ಚು ಬೇಡ!)

ಶಿವಮೊಗ್ಗದಿಂದ ಎಲ್ಲರಿಗೂ ನಮಸ್ಕಾರ.

‘ಮಾಲಿಕ್ಯುಲರ್ ಟೈಪಿಂಗ್’ ಅನ್ನೋದಕ್ಕೆ, ಅಂದರೆ ಒಂದೇ ಜಾತಿಯ ಬ್ಯಾಕ್ಟೀರಿಯಾದೊಳಗೆ ಇದು ಯಾವ ಬಗೆಯದು ಅಂತ ಡಿಎನ್‌ಎ ನೋಡಿ ಹೇಳುವುದಕ್ಕೆ, ಒಂದು ಕನ್ನಡ ಪದ ಬೇಕಾಗಿದೆ. ಲ್ಯಾಬ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇಲಿಜ್ವರ, ಟೈಫಾಯ್ಡ್, ಟಿಬಿ ಎಲ್ಲ ಅದರಲ್ಲಿದೆ. ಕರಡು ನೋಡಿಕೊಟ್ಟ ಗೆಳೆಯರೊಬ್ಬರು ‘ಆಣ್ವಿಕ ಬೆರಳಚ್ಚು’ ಎಂದು ತಿದ್ದಿದ್ದಾರೆ. ಬೆರಳಚ್ಚು ಅಂದರೆ ನಮ್ಮ ಕಡೆ ಶೀಘ್ರಲಿಪಿ ಜೊತೆ ಕಟ್ಟುವ ಪರೀಕ್ಷೆ ಅಲ್ವಾ? ಬ್ಯಾಕ್ಟೀರಿಯಾ ಕೂತು ಅರ್ಜಿ ಟೈಪ್ ಮಾಡಿದ ಹಾಗಾಯಿತು. ತಮಾಷೆ ಏನೆಂದರೆ ಅದು ಪೂರ್ತಿ ತಪ್ಪೂ ಅಲ್ಲ. ಕಳ್ಳತನದ ಸುದ್ದಿಯಲ್ಲಿ ‘ಬೆರಳಚ್ಚು ತಜ್ಞರು ಬಂದು ಪರಿಶೀಲಿಸಿದರು’ ಅಂತ ಬರುತ್ತದಲ್ಲ, ಆ ಅರ್ಥ ಹಿಡಿದರೆ ಸರಿಯಾಗಿಯೇ ಕೂರುತ್ತದೆ, ಯಾಕೆಂದರೆ ಈ ವಿಧಾನಗಳಲ್ಲಿ ಕೆಲವನ್ನು ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಅಂತಲೇ ಕರೆಯುತ್ತಾರೆ. ಆದರೂ ಓದುವವರು ಮೊದಲು ಕೀಬೋರ್ಡನ್ನೇ ನೆನೆಯುತ್ತಾರೆ. ಬೇಡ.

‘ಆಣ್ವಿಕ’ದ ಬಗ್ಗೆಯೂ ನನಗೆ ತಕರಾರಿದೆ. ಅಣುಬಾಂಬು, ಅಣುಸ್ಥಾವರ ಕೇಳಿದ ಕಿವಿಗೆ ಆಣ್ವಿಕ ಅಂದರೆ ಕೈಗಾ ನೆನಪಾಗುತ್ತದೆ. ಇಲ್ಲಿ ನೋಡುವುದು ಡಿಎನ್‌ಎ. ಹಾಗಿದ್ದ ಮೇಲೆ ಡಿಎನ್‌ಎ ಅಂತಲೇ ಬರೆಯಬಹುದಲ್ಲ.

ಇನ್ನು ‘ಪತ್ತೆ’. ಪತ್ರಿಕೆಗಳಲ್ಲಿ ಎಲ್ಲದಕ್ಕೂ ‘ರೋಗಾಣು ಪತ್ತೆ’ ಅಂತ ಬರೆಯುತ್ತಾರೆ. ಆದರೆ ಇದು ಯಾವ ಬ್ಯಾಕ್ಟೀರಿಯಾ ಅಂತ ಹೇಳುವುದು ಒಂದು ಕೆಲಸ, ಅದೇ ಜಾತಿಯೊಳಗೆ ಇದು ಯಾವ ಬಗೆಯದು ಅಂತ ಹೇಳುವುದು ಇನ್ನೊಂದು. ತೀರ್ಥಹಳ್ಳಿ ಕಡೆ ಒಂದು ಮದುವೆ ಊಟ ಮಾಡಿದವರಿಗೆ ವಾಂತಿ ಭೇದಿ ಶುರುವಾಯಿತು ಅಂದುಕೊಳ್ಳಿ. ಎಲ್ಲರಲ್ಲೂ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು. ಅಲ್ಲಿಗೆ ಪತ್ತೆ ಮುಗಿಯಿತು. ಅಷ್ಟಕ್ಕೇ ಎಲ್ಲರಿಗೂ ಒಂದೇ ಅಡುಗೆಯಿಂದ ಬಂತು ಅನ್ನಲಾಗುವುದಿಲ್ಲ. ಪಕ್ಕದ ಊರಿನ ಒಬ್ಬರಿಗೆ ಬೇರೆ ಕಡೆಯಿಂದಲೂ ಬಂದಿರಬಹುದು. ಅದನ್ನು ಬಿಡಿಸಲಿಕ್ಕೇ ಟೈಪಿಂಗ್ ಬೇಕು. ಬ್ಯಾಕ್ಟೀರಿಯಾ ಗುರುತಿಸಲು ಓದುವ 16ಎಸ್ ಜೀನ್ ಇದೆಯಲ್ಲ, ಸುಮಾರು 1,500 ಡಿಎನ್‌ಎ ಅಕ್ಷರಗಳದ್ದು, ಅದು ಸಾಮಾನ್ಯವಾಗಿ ಕುಲ, ಜಾತಿಯ ತನಕ ಕರೆದುಕೊಂಡು ಹೋಗಿ ಬಿಟ್ಟುಬಿಡುತ್ತದೆ.

ವಿಧಾನಗಳು ಹಲವು, ಪದ ಎಲ್ಲಕ್ಕೂ ಹೊಂದಬೇಕು. ಪಿಎಫ್‌ಜಿಇ ಅಂತ ಒಂದಿದೆ. ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಕಿಣ್ವದಿಂದ ಕೆಲವೇ ಜಾಗಗಳಲ್ಲಿ ಕತ್ತರಿಸಿ, ಆ ದೊಡ್ಡ ತುಂಡುಗಳನ್ನು ಜೆಲ್‌ನಲ್ಲಿ ಕರೆಂಟಿನ ದಿಕ್ಕು ಬದಲಿಸುತ್ತಾ ಓಡಿಸಿದರೆ ಪಟ್ಟೆಪಟ್ಟೆಯಾಗಿ ನಿಲ್ಲುತ್ತವೆ. ಪಟ್ಟೆ ಹೊಂದಿದರೆ ಮೂಲವೂ ಒಂದೇ ಇರಬಹುದು. 1993ರಲ್ಲಿ ಅಮೆರಿಕದಲ್ಲಿ ಹ್ಯಾಂಬರ್ಗರ್ ತಿಂದವರಿಗೆ ಇ ಕೋಲಿ ತಗುಲಿದಾಗ ಇದು ಕೆಲಸಕ್ಕೆ ಬಂತು. 1996ರಲ್ಲಿ ಶುರುವಾದ ಅಲ್ಲಿನ ಪಲ್ಸ್‌ನೆಟ್ ಅನ್ನೋ ಲ್ಯಾಬ್‌ಗಳ ಜಾಲ ಬಹುಕಾಲ ಇದನ್ನೇ ನಂಬಿತ್ತು, ಈಗ ಪೂರ್ತಿ ಜೀನೋಮನ್ನೇ ಓದುತ್ತಾರೆ. ಟಿಬಿಗೆ ಸ್ಪಾಲಿಗೊಟೈಪಿಂಗ್ ಇದೆ. ಅದರಲ್ಲಿ ಗೊತ್ತುಮಾಡಿದ 43 ಡಿಎನ್‌ಎ ತುಣುಕುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಅಂತ ನೋಡುತ್ತಾರೆ. ಎಂಎಲ್‌ಎಸ್‌ಟಿ ಅನ್ನೋ ವಿಧಾನ 1998ರಲ್ಲಿ ಬಂತು. ಸಾಮಾನ್ಯವಾಗಿ ಏಳು ಜೀನ್‌ಗಳ ತುಣುಕು ಓದಿ, ಪ್ರತಿ ರೂಪಕ್ಕೆ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಗಳ ಜೋಡಣೆಗೆ ಮತ್ತೊಂದು ಸಂಖ್ಯೆ ಕೊಡುತ್ತಾರೆ, ಅದೇ ಎಸ್‌ಟಿ. ಔಷಧಿಗೆ ಬಗ್ಗದ ಇ ಕೋಲಿಯಲ್ಲಿ ಹೆಸರುವಾಸಿಯಾದ ಎಸ್‌ಟಿ 131 ಅಂಥ ಒಂದು ಸಂಖ್ಯೆ.

ಇಲ್ಲೇ ‘ತಳಿ’ಯ ಪ್ರಶ್ನೆ ಬರುವುದು. ‘ತಳಿಪತ್ತೆ’ ಅಂದುಬಿಡೋಣ ಅಂತ ಮೊದಲು ಅನ್ನಿಸಿತ್ತು. ಕೊರೊನಾ ಬಂದ ಮೇಲೆ ‘ರೂಪಾಂತರಿ ತಳಿ’ ಎಲ್ಲರ ಬಾಯಿಗೂ ಬಂದಿದೆ. ಮಲೆನಾಡು ಗಿಡ್ಡ ಒಂದು ತಳಿ, ಇಂಟಾನ್ ಭತ್ತ ಒಂದು ತಳಿ ಅಂತ ನಮ್ಮವರು ಸಹಜವಾಗಿ ಹೇಳುತ್ತಾರೆ. ಆದರೆ ತಳಿ ಅಂದಾಗ ಒಂದೇ ಬೀಜದಿಂದ ಬಂದದ್ದು ಅನ್ನೋ ಭರವಸೆ ಇರುತ್ತದೆ. ಟೈಪಿಂಗ್ ಅಷ್ಟು ಭರವಸೆ ಕೊಡುವುದಿಲ್ಲ. ಎರಡು ಇ ಕೋಲಿಗಳು ಒಂದೇ ಎಸ್‌ಟಿಗೆ ಸೇರಿದರೂ ಉಳಿದ ಜೀನೋಮ್ ನೋಡಿದರೆ ದೂರದ ನೆಂಟರಾಗಿರಬಹುದು.

ನಮ್ಮ ಕಡೆಯ ಇಲಿಜ್ವರದಲ್ಲಿ ಗೊಂದಲ ಇನ್ನೂ ಜಾಸ್ತಿ. ಅದನ್ನು ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾವನ್ನು ಹಳೆಯ ರಕ್ತಸಾರ ಪದ್ಧತಿಯಲ್ಲಿ (ರಕ್ತಸಾರದ ಪ್ರತಿಕಾಯಗಳು ಅಂಟುತ್ತವೆಯೇ ಅಂತ ನೋಡುವುದು) 200ಕ್ಕೂ ಹೆಚ್ಚು ಸಿರೊವಾರ್‌ಗಳಾಗಿ ವಿಂಗಡಿಸಿದ್ದಾರೆ. ದನಗಳಲ್ಲಿ ಕಾಣುವ ಹಾರ್ಡ್ಜೊ ಅನ್ನೋ ಸಿರೊವಾರ್ ನೋಡಿ. ರಕ್ತಸಾರದ ಪರೀಕ್ಷೆಗೆ ಅದು ಒಂದೇ. ಡಿಎನ್‌ಎ ನೋಡಿದರೆ ಎರಡು ಬೇರೆ ಜಾತಿಗಳಲ್ಲಿದೆ, ಕೆಲವು ಇಂಟರೋಗನ್ಸ್, ಕೆಲವು ಬೋರ್ಗ್‌ಪೀಟರ್ಸನಿ! ಇದನ್ನು ‘ಹಾರ್ಡ್ಜೊ ತಳಿ’ ಅಂತ ಬರೆದರೆ ಓದಿದವರ ದಾರಿ ತಪ್ಪುತ್ತದೆ. (ಮಂಗನ ಕಾಯಿಲೆ ಯಾಕೆ ಬಿಟ್ಟಿರಿ ಅಂತ ಕೇಳಬೇಡಿ, ಅದು ವೈರಸ್ಸಿನದು.)

ಹಾಗಾಗಿ ನನ್ನ ಮನಸ್ಸು ‘ಬಗೆ’ಯ ಕಡೆ ಇದೆ. ‘ಡಿಎನ್‌ಎ ಬಗೆಗುರುತು’ ಹೇಗಿದೆ? ಸಿರೊಟೈಪಿಂಗ್‌ಗೆ ‘ರಕ್ತಸಾರ ಬಗೆಗುರುತು’ ಅನ್ನಬಹುದು. ‘ಬಗೆ’ ಯಾವ ಮಟ್ಟಕ್ಕೂ ಹೊಂದುತ್ತದೆ, ತಳಿಯನ್ನು ಸ್ಟ್ರೇನ್‌ಗೆ ಅಂತ ಉಳಿಸಿಕೊಳ್ಳಬಹುದು. ‘ಪ್ರಭೇದ’ ಬೇಡ, ಒಬ್ಬರು ಅದನ್ನು ಜಾತಿಗೆ ಬಳಸುತ್ತಾರೆ, ಇನ್ನೊಬ್ಬರು ಉಪಜಾತಿಗೆ. ಕ್ರಿಯಾಪದವೇ ಸಿಕ್ಕುತ್ತಿಲ್ಲ. ‘ಬಗೆ ಹಚ್ಚಿದರು’ ಅಂದರೆ ‘ಬಗೆಹರಿಸಿದರು’ ಅಂತ ಕೇಳಿಸುತ್ತದೆ. ರಕ್ತದ ವಿಷಯದಲ್ಲಿ ನಾವು ಸುಮ್ನೆ ‘ಗುಂಪು ನೋಡಿದರು’ ಅನ್ನುತ್ತೇವಲ್ಲ, ಹಾಗೆ ‘ಬಗೆ ನೋಡಿದರು’ ಅಂದರೆ ಸಾಕೇ?

ಇನ್ನೊಂದು ಪದವೂ ಬಾಕಿಯಿದೆ. ಒಬ್ಬ ರೋಗಿಯ ರಕ್ತದಿಂದಲೋ ಕಫದಿಂದಲೋ ಬೇರ್ಪಡಿಸಿ ಬೆಳೆಸಿದ್ದಕ್ಕೆ ‘ಐಸೋಲೇಟ್’ ಅನ್ನುತ್ತಾರೆ. ‘ಪ್ರತ್ಯೇಕಿತ’ ನನಗೆ ಬಾಯಿಗೆ ಬರುತ್ತಿಲ್ಲ. ಲ್ಯಾಬಿನಲ್ಲಿ ಇರುವವರು ಯಾರಾದರೂ ಈ ಗುಂಪಿನಲ್ಲಿದ್ದರೆ, ಪ್ಲೇಟ್ ಕೈಗೆ ಕೊಡುವಾಗ ನೀವು ನಿಜವಾಗಿ ಏನಂತ ಹೇಳುತ್ತೀರಿ?